ಜಠರದ ಶಸ್ತ್ರಚಿಕಿತ್ಸೆಯ ನಂತರವೂ ಹಸುಗೂಸಿಗೆ ವಾಂತಿ: ಕಡಿಮೆ ಮಾಡುವುದು ಹೇಗೆ?

ಮಗುವಿನ ತಂದೆ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಚೊಚ್ಚಲ ಮಗುವಿಗೆ ಈಗ ಆರು ವಾರ, ಗಂಡು ಮಗು. ಮೂರು ವಾರದವರೆಗೆ ಚೆನ್ನಾಗಿ ಹಾಲು ಕುಡಿದು ಮೈ ತುಂಬಿಕೊಳ್ಳುತ್ತಿದ್ದವನು ಆಮೇಲೆ ಕುಡಿದದ್ದನ್ನೆಲ್ಲ ಹೊರಹಾಕತೊಡಗಿದ. ತಾಯಿಯ ಮಡಿಲು ದಾಟಿ ಚಾಪೆಯಾಚೆ ಬೀಳುವಷ್ಟು ರಭಸದಲ್ಲಿ ಹಾಲು ಚಿಮ್ಮುತ್ತಿತ್ತು, ಮರುಗಳಿಗೆಯಲ್ಲೇ ಹಸಿವಿನಿಂದ ಮತ್ತೆ ಬಾಯಿ ತೆರೆಯುತ್ತಿದ್ದ. ಮನೆಯಲ್ಲಿ ದೃಷ್ಟಿ ತೆಗೆದದ್ದಾಯಿತು, ಹಾಲಿನ ಪುಡಿ ಬದಲಿಸಿದ್ದೂ ಆಯಿತು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಪೈಲೋರಿಕ್ ಸ್ಟೆನೋಸಿಸ್ ಎಂದು ತಿಳಿಯಿತು. ಎರಡು ದಿನ ಡ್ರಿಪ್ ಹಾಕಿ ನಂತರ ಶಸ್ತ್ರಚಿಕಿತ್ಸೆ ಮಾಡಿದರು.

ಇಂದಿಗೆ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನ. ಮನೆಗೆ ಬಂದಿದ್ದೇವೆ. ಮೊದಲಿನಂತೆ ಚಿಮ್ಮುವುದಿಲ್ಲವಾದರೂ ದಿನಕ್ಕೆ ಎರಡು ಮೂರು ಸಲ ವಾಂತಿಯಾಗುತ್ತಲೇ ಇದೆ. ಆಪರೇಷನ್ ಸರಿಯಾಗಿಲ್ಲ ಎಂದು ನಮ್ಮತ್ತೆಯವರು, ಹಾಲನ್ನೇ ನಿಲ್ಲಿಸಿ ಸಕ್ಕರೆ ನೀರು ಕೊಡೋಣ ಎಂದು ನಮ್ಮ ತಾಯಿಯವರು ಹೇಳುತ್ತಿದ್ದಾರೆ. ಹೆಂಡತಿ ಪ್ರತಿ ಸಲ ಹಾಲೂಡಿಸುವಾಗಲೂ ಹೆದರುತ್ತಾಳೆ. ಈ ವಾಂತಿ ಸಹಜವೇ? ಕಡಿಮೆ ಮಾಡಲು ನಾವು ಮಾಡಬಹುದಾದದ್ದು ಏನು? ತಿಳಿದವರು ದಯವಿಟ್ಟು ಹೇಳಬೇಕು.

ಮಕ್ಕಳ ಶಸ್ತ್ರವೈದ್ಯೆ, ಹುಬ್ಬಳ್ಳಿ

ಮಗುವನ್ನು ನಾನು ನೋಡಿಲ್ಲವಾದ್ದರಿಂದ ನಿಮ್ಮ ಶಸ್ತ್ರವೈದ್ಯರ ಮಾತೇ ಕೊನೆಯ ಮಾತೆಂದು ತಿಳಿದು ಇದನ್ನು ಓದಿ. ಈ ಶಸ್ತ್ರಚಿಕಿತ್ಸೆಯ ನಂತರದ ಒಂದೆರಡು ದಿನಗಳಲ್ಲಿ ವಾಂತಿಯಾಗದ ಮಕ್ಕಳೇ ಕಡಿಮೆ. ಕೆಲವರಲ್ಲಿ ಅದು ದಿನೇ ದಿನೇ ಇಳಿಯುತ್ತಾ ಇನ್ನೂ ಕೆಲವು ದಿನ ಮುಂದುವರಿಯುತ್ತದೆ. ವಾಂತಿಯಾಯಿತು ಎಂಬ ಒಂದೇ ಕಾರಣಕ್ಕೆ ಆಪರೇಷನ್ ಕೆಟ್ಟಿತು ಎನ್ನಲಾಗುವುದಿಲ್ಲ.

ಕಾರಣ ತಿಳಿದರೆ ಮನೆಯವರಿಗೂ ಧೈರ್ಯ ಬರುತ್ತದೆ. ಜಠರದಿಂದ ಸಣ್ಣಕರುಳಿಗೆ ಹೋಗುವ ದ್ವಾರವೇ ಪೈಲೋರಸ್. ಅದರ ಸುತ್ತಲಿನ ಸ್ನಾಯು ಈ ಮಕ್ಕಳಲ್ಲಿ ದಪ್ಪಗಾಗಿ ದಾರಿಯನ್ನು ಹಿಸುಕುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸ್ನಾಯುವಿನ ದಪ್ಪ 3 ಮಿ.ಮೀ. ದಾಟಿ, ದ್ವಾರದ ಉದ್ದ 15 ಮಿ.ಮೀ. ಮೀರಿದ್ದರೆ ರೋಗ ಖಚಿತವೆನ್ನುತ್ತೇವೆ. ಶಸ್ತ್ರಚಿಕಿತ್ಸೆಯಲ್ಲಿ ಆ ಸ್ನಾಯುವನ್ನು ತೆಗೆದುಹಾಕುವುದಿಲ್ಲ. ಅದನ್ನು ಉದ್ದಕ್ಕೆ ಸೀಳಿ, ಎರಡು ಅಂಚುಗಳನ್ನು ಬಿಡಿಸಿ, ಒಳಪೊರೆ ಆ ಸಂದಿನಲ್ಲಿ ಉಬ್ಬಿ ಬಂದದ್ದನ್ನು ಕಂಡ ಮೇಲೆ ಹೊಲಿಗೆ ಹಾಕದೆ ಹಾಗೆಯೇ ಬಿಡುತ್ತೇವೆ. ದಾರಿ ಅಲ್ಲಿಯೇ ತೆರೆಯುತ್ತದೆ. ಆದರೆ ಕತ್ತರಿಸಿದ ಜಾಗ ಒಂದೆರಡು ದಿನ ಊದಿಕೊಂಡಿರುತ್ತದೆ. ವಾರಗಟ್ಟಲೆ ಮುಚ್ಚಿದ ದ್ವಾರದ ಎದುರು ಗುದ್ದಾಡಿದ ಜಠರ ಹಿಗ್ಗಿ, ಅದರ ಒಳಗೋಡೆ ಕೆರಳಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಜಠರದ ಅಲೆಚಲನೆ ಸಹಜಕ್ಕೆ ಮರಳಲು ಸುಮಾರು ಒಂದು ದಿನ ಹಿಡಿಯುತ್ತದೆ ಎಂಬುದು 1960ರ ದಶಕದಿಂದಲೂ ಗೊತ್ತಿರುವ ವಿಷಯ. ಇದಲ್ಲದೆ ಈ ವಯಸ್ಸಿನ ಯಾವುದೇ ಮಗುವಿನಲ್ಲೂ ಅನ್ನನಾಳದ ಕೆಳಬಾಯಿ ಸಡಿಲವೇ. ತುಂಬಿದ ಹಾಲು ಸುಲಭವಾಗಿ ಮೇಲೆ ಬರುತ್ತದೆ. ಆಪರೇಷನ್ ಈ ಕೊನೆಯದನ್ನು ಸರಿಪಡಿಸುವುದಿಲ್ಲ, ಸರಿಪಡಿಸಬೇಕಾದದ್ದೂ ಅಲ್ಲ.

ಇತಿಹಾಸದ ಮಾತೊಂದನ್ನು ಇಲ್ಲಿ ಸೇರಿಸುತ್ತೇನೆ. ಇಂದಿಗೂ ನಾವು ಅನುಸರಿಸುವ ಈ ವಿಧಾನವನ್ನು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಕಾನ್ರಾಡ್ ರಾಮ್‌ಸ್ಟೆಟ್ ಎಂಬ ಶಸ್ತ್ರವೈದ್ಯರು 1911ರಲ್ಲಿ ಕಂಡುಕೊಂಡರು. ಸೀಳಿದ ಸ್ನಾಯುವನ್ನು ಅಡ್ಡಲಾಗಿ ಹೊಲಿಯಲು ಹೋದಾಗ ದಾರ ಹರಿದುಬಂದು, ಸೀಳನ್ನು ಹೊಲಿಯಲೇಬೇಕಿಲ್ಲ ಎಂದು ಅವರಿಗೆ ಹೊಳೆಯಿತು. ಆ ಮೊದಲ ಮಗುವೂ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ವಾಂತಿ ಮಾಡುತ್ತಲೇ ಇದ್ದು, ಆಮೇಲೆ ಪೂರ್ತಿ ಚೇತರಿಸಿಕೊಂಡಿತು.

ಈಗ ನೀವು ನನಗೆ ನಾಲ್ಕು ವಿಷಯ ತಿಳಿಸಬೇಕು. ವಾಂತಿಯ ಬಣ್ಣ ಯಾವುದು? ಸುಮಾರು ಎಷ್ಟು ಬರುತ್ತದೆ? ಒಂದು ಹಗಲು ಒಂದು ರಾತ್ರಿಯಲ್ಲಿ ಮಗು ಎಷ್ಟು ಸಲ ಮೂತ್ರ ಮಾಡುತ್ತಿದೆ? ಮನೆಗೆ ಬಂದ ಮೇಲೆ ತೂಕ ನೋಡಿಸಿದ್ದೀರಾ?

ಮಗುವಿನ ತಂದೆ, ಅರಸೀಕೆರೆ

ವಿವರವಾದ ಉತ್ತರಕ್ಕೆ ಧನ್ಯವಾದಗಳು, ಮೇಡಂ. ವಾಂತಿ ಬಿಳಿಯಾಗಿದೆ, ಒಡೆದ ಹಾಲಿನಂತೆ ಗಂಟುಗಂಟಾಗಿ ಬರುತ್ತದೆ. ಹೆಚ್ಚಿನ ಸಲ ಒಂದೆರಡು ಗುಟುಕಿನಷ್ಟು. ನಿನ್ನೆ ರಾತ್ರಿ ಒಮ್ಮೆ ಮಾತ್ರ ಕುಡಿದದ್ದರಲ್ಲಿ ಅರ್ಧದಷ್ಟು ಬಂದಿರಬಹುದು. ಮೂತ್ರ ಏಳು ಸಲವಾದರೂ ಆಗುತ್ತಿದೆ. ತೂಕ ನೋಡಿಸಿಲ್ಲ. ಆಸ್ಪತ್ರೆಯಿಂದ ಹೊರಡುವಾಗ 3.4 ಕೆ.ಜಿ. ಇತ್ತು. ಎದೆಹಾಲು ಸಾಲದೆಂದು ಅರ್ಧ ಎದೆಹಾಲು, ಅರ್ಧ ಬಾಟಲಿ ಕೊಡುತ್ತಿದ್ದೇವೆ. ಬಾಟಲಿಯಲ್ಲಿ ಕೊಟ್ಟರೆ 90 ಮಿ.ಲೀ. ಒಂದೇ ಉಸಿರಿಗೆ ಕುಡಿದುಬಿಡುತ್ತಾನೆ.

ನರ್ಸಿಂಗ್ ಆಫೀಸರ್, ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡ್, ಬೆಂಗಳೂರು

ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದ ಕೊನೆಯ ಸಾಲಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ, ತೂಕದ ಪ್ರತಿ ಕೆ.ಜಿ.ಗೆ ಸುಮಾರು 150 ಮಿ.ಲೀ. ಹಾಲು ಸಾಕಾಗುತ್ತದೆ. 3.4 ಕೆ.ಜಿ. ತೂಕಕ್ಕೆ ಅದು ಸುಮಾರು 510 ಮಿ.ಲೀ.; ದಿನಕ್ಕೆ ಎಂಟು ಸಲ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 60ರಿಂದ 65 ಮಿ.ಲೀ. ಬರುತ್ತದೆ. ವಾರಗಟ್ಟಲೆ ಹಸಿದಿದ್ದ ಮಗು ಬಾಟಲಿ ಸಿಕ್ಕಿದೊಡನೆ 90 ಮಿ.ಲೀ. ಎಳೆದುಕೊಳ್ಳುವುದು ಸಹಜ. ಹಿಗ್ಗಿ ಸುಸ್ತಾದ ಜಠರ ಅಷ್ಟನ್ನು ಇಟ್ಟುಕೊಳ್ಳಲಾರದು, ಹೆಚ್ಚಾದದ್ದು ಹೊರಗೆ ಬರುತ್ತದೆ.

ಬಾಟಲಿಯ ನಿಪ್ಪಲನ್ನು ಒಮ್ಮೆ ಪರೀಕ್ಷಿಸಿ. ಬಾಟಲಿಯನ್ನು ತಲೆಕೆಳಗು ಹಿಡಿದಾಗ ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆಯಾಗಿ ಸುರಿಯಬಾರದು. ಹಾಲು ಬೇಗ ಬರಲೆಂದು ಮನೆಯಲ್ಲಿ ಕಾಯಿಸಿದ ಸೂಜಿಯಿಂದ ರಂಧ್ರ ದೊಡ್ಡದು ಮಾಡಿರುವ ನಿಪ್ಪಲುಗಳನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಒಳಲೆಯಲ್ಲಿ ಕೊಡುವವರಿಗೂ ಇದೇ ಮಾತು ಹೇಳುತ್ತೇನೆ: ಬಾಯೊಳಗೆ ಸುರಿಯದೆ, ಒಳಲೆಯ ಮೂತಿಯನ್ನು ಕೆಳದುಟಿಗೆ ತಾಗಿಸಿ, ಮಗು ನುಂಗಿದ್ದನ್ನು ನೋಡಿಕೊಂಡೇ ಮುಂದಿನ ಗುಟುಕು ಕೊಡಬೇಕು. ಬಾಟಲಿಯಾದರೆ ಮಗುವನ್ನು ಅರೆಕುಳಿತ ಭಂಗಿಯಲ್ಲಿ ಹಿಡಿದು, ಬಾಟಲಿ ಹೆಚ್ಚುಕಡಿಮೆ ಅಡ್ಡವಾಗಿರುವಂತೆಯೂ ನಿಪ್ಪಲಿನಲ್ಲಿ ಹಾಲು ತುಂಬಿರುವಂತೆಯೂ ನೋಡಿಕೊಳ್ಳಿ. ಅರ್ಧ ಕುಡಿದಾಗ ನಿಲ್ಲಿಸಿ ತೇಗು ಬರಿಸಿ, ಆಮೇಲೆ ಉಳಿದದ್ದನ್ನು ಕೊಡಿ. ಕುಡಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲಿಗೆ ಆನಿಸಿ ನೆಟ್ಟಗೆ ಎತ್ತಿಕೊಂಡಿರಿ.

ಡೈಪರ್ ಬದಲಿಸುವುದಿದ್ದರೆ ಹಾಲಿಗೆ ಮೊದಲೇ ಮುಗಿಸಿಬಿಡಿ. ಹೊಟ್ಟೆ ತುಂಬಿದ ಮಗುವಿನ ಎರಡೂ ಕಾಲು ಹಿಡಿದು ಮೇಲೆತ್ತಿದರೆ ಹೊಟ್ಟೆ ಒತ್ತಿ ಹಾಲು ಬಾಯಿಗೆ ಬರುತ್ತದೆ. ವಾರ್ಡಿನಲ್ಲಿ ನಾನು ನೋಡುವ ವಾಂತಿಗಳಲ್ಲಿ ಸಾಕಷ್ಟು ಈ ಬಗೆಯವು. ಡೈಪರಿನ ಪಟ್ಟಿ ಗಾಯದ ಮೇಲೆ ಬಿಗಿಯಾಗಿ ಕೂರಬಾರದು. ನೀರೆರೆಯುವ ಅಜ್ಜಿ ಬರುತ್ತಿದ್ದರೆ, ಗಾಯ ಪೂರ್ತಿ ಮಾಗಿ ಶಸ್ತ್ರವೈದ್ಯರು ಒಪ್ಪುವವರೆಗೆ ಮಗುವನ್ನು ಕಾಲ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕುವುದು ಬೇಡವೆಂದು ಈಗಲೇ ಹೇಳಿಬಿಡಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು.

ಒಂದು ವಿಷಯದಲ್ಲಿ ನಾನು ಹಳೆಯ ಪದ್ಧತಿಯವಳು. ಮೊದಲ ದಿನ 15 ಅಥವಾ 20 ಮಿ.ಲೀ.ಯಿಂದ ಆರಂಭಿಸಿ, ಎರಡು ಮೂರು ಗಂಟೆಗೊಮ್ಮೆ ಅಳತೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುವ ಪಟ್ಟಿಯನ್ನು ಅನುಸರಿಸಿದರೆ ವಾಂತಿ ಕಡಿಮೆಯಾಗುತ್ತದೆ, ತಾಯಂದಿರಿಗೂ ಧೈರ್ಯವಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಮಗು ಕೇಳಿದಷ್ಟು ಕೊಡಿ ಎನ್ನುವ ಹೊಸ ಕ್ರಮ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಮಕ್ಕಳ ಶಸ್ತ್ರವೈದ್ಯೆ, ಹುಬ್ಬಳ್ಳಿ

ಸಿಸ್ಟರ್ ಹೇಳಿದ್ದರಲ್ಲಿ ಕೊನೆಯ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ನನ್ನ ಸಹಮತವಿದೆ. ಹಿಂದೆ ಗಂಟೆಗಳ ಲೆಕ್ಕದಲ್ಲಿ ಹೊಟ್ಟೆ ಖಾಲಿ ಇಟ್ಟು, ಆಮೇಲೆ ಗ್ಲೂಕೋಸ್ ನೀರು, ಆಮೇಲೆ ನೀರು ಬೆರೆಸಿದ ಹಾಲು, ಕೊನೆಗೆ ಪೂರ್ತಿ ಹಾಲು ಎಂಬ ಮೆಟ್ಟಿಲುಗಳಿದ್ದವು. ಒಂದು ಸಲ ವಾಂತಿಯಾದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕಿತ್ತು. ಎರಡೂ ಕ್ರಮಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಒಟ್ಟಾರೆ ಕಂಡುಬಂದದ್ದು ಇಷ್ಟು: ಮಗು ಎಚ್ಚರಗೊಂಡು ಹಸಿವು ತೋರಿಸಿದಾಗ ಹಾಲು ಕೊಟ್ಟು, ಅದರ ಇಚ್ಛೆಗೆ ಬಿಟ್ಟರೆ ಆಸ್ಪತ್ರೆಯಲ್ಲಿ ಇರಬೇಕಾದ ಕಾಲ ಕಡಿಮೆಯಾಗುತ್ತದೆ. ತೀರಾ ಬೇಗ, ಮೊದಲ ಕೆಲವೇ ಗಂಟೆಗಳಲ್ಲಿ ಆರಂಭಿಸಿದರೆ ವಾಂತಿಯ ಸಂಖ್ಯೆ ತುಸು ಹೆಚ್ಚಬಹುದು. ಅದರಿಂದ ಮಗುವಿಗೆ ಕೇಡಾಗುವುದಿಲ್ಲ, ಮನೆಗೆ ಹೋಗುವುದೂ ತಡವಾಗುವುದಿಲ್ಲ.

ಆದ್ದರಿಂದ ವಾಂತಿಯನ್ನು ಸೊನ್ನೆಗೆ ಇಳಿಸುವುದನ್ನೇ ಗುರಿಯಾಗಿಸಿಕೊಂಡರೆ ಮಗುವನ್ನು ಹಸಿವಿನಲ್ಲಿ ಇಡಬೇಕಾಗುತ್ತದೆ ಎಂಬುದು ನನ್ನ ವಾದ. ಶಸ್ತ್ರಚಿಕಿತ್ಸೆಗೆ ಮೊದಲೇ ತೂಕ ಕಳೆದುಕೊಂಡ ಮಗು ಇದು. ಒಂದೆರಡು ಗುಟುಕು ಹೊರಗೆ ಬಂದರೂ ಉಳಿದದ್ದು ಕರುಳಿಗೆ ಹೋಗುತ್ತಿದೆ. ಒಳಪೊರೆಗೆ ತೂತು ಬಿದ್ದು ಅದನ್ನು ಹೊಲಿದ ಅಪರೂಪದ ಸಂದರ್ಭಗಳಲ್ಲಿ ಮಾತ್ರ ನಾವು ಒಂದೆರಡು ದಿನ ಹಾಲು ತಡೆದು ಮೂಗಿನ ನಳಿಕೆ ಇಡುತ್ತೇವೆ. ಉಳಿದವರಿಗೆ ಆ ನಳಿಕೆಯೂ ಬೇಕಿಲ್ಲ.

ತಂದೆಯವರಿಗೆ: ಬಾಟಲಿಯಲ್ಲಿ ಕೊಡುವಾಗ ಸಿಸ್ಟರ್ ಹೇಳಿದ ಅಳತೆಯನ್ನು ಪಾಲಿಸಿ, ಬೇಕಾದರೆ ಎಂಟರ ಬದಲು ಹತ್ತು ಸಲ ಕೊಡಿ. ತಾಯಿಯ ಎದೆಯಲ್ಲಿ ಮಗು ತಾನೇ ಕುಡಿಯುವಾಗ ಅಳತೆಯ ಗೊಡವೆ ಬೇಡ. ವಾಂತಿಯಾದ ಮೇಲೆ ಮಗು ಹಸಿವು ತೋರಿಸಿದರೆ ಮತ್ತೆ ಹಾಲನ್ನೇ ಕೊಡಿ. ಸಕ್ಕರೆ ನೀರು ಬೇಡ. ಅದು ಹೊಟ್ಟೆ ತುಂಬಿಸಿ ಹಾಲಿನ ಜಾಗವನ್ನು ಕಿತ್ತುಕೊಳ್ಳುತ್ತದೆ.

ತಾಯಿ, ಕುಂದಾಪುರ

ನನ್ನ ಮಗನಿಗೂ ಇದೇ ಶಸ್ತ್ರಚಿಕಿತ್ಸೆಯಾಗಿತ್ತು. ಈಗ ಶಾಲೆಗೆ ಹೋಗುತ್ತಾನೆ. ಹೊಕ್ಕುಳಿನ ಮೇಲೆ ತೆಳುವಾದ ಗೆರೆ ಬಿಟ್ಟರೆ ಬೇರೆ ಗುರುತಿಲ್ಲ. ಎದೆಹಾಲಿನ ಬಗ್ಗೆ ಮಾತ್ರ ನನ್ನ ಅನುಭವ ಹೇಳುತ್ತೇನೆ, ಏಕೆಂದರೆ ಈ ಗಡಿಬಿಡಿಯಲ್ಲಿ ಬಾಣಂತಿಯ ಕಡೆ ಯಾರೂ ನೋಡುವುದಿಲ್ಲ.

ಮಗುವಿಗೆ ಡ್ರಿಪ್ ಹಾಕಿ ಬಾಯಿಗೆ ಏನೂ ಕೊಡದೆ ಇರಿಸಿದ ದಿನಗಳಲ್ಲಿ ತಾಯಿಯ ಎದೆ ಕಟ್ಟಿ ನೋಯುತ್ತದೆ, ಹಿಂಡಿ ತೆಗೆಯದಿದ್ದರೆ ಕ್ರಮೇಣ ಹಾಲು ಇಳಿದುಹೋಗುತ್ತದೆ. ಆಮೇಲೆ ಹಾಲು ಸಾಲದೆಂದು ಬಾಟಲಿ ಬರುತ್ತದೆ, ಬಾಟಲಿಯಲ್ಲಿ ಮಗು ಗಬಗಬನೆ ಕುಡಿದು ಕಕ್ಕುತ್ತದೆ, ಕಕ್ಕಿತೆಂದು ತಾಯಿ ಎದೆಗೆ ಹಾಕಿಕೊಳ್ಳಲು ಹೆದರುತ್ತಾಳೆ. ನಮ್ಮ ಮನೆಯಲ್ಲಿ ನಡೆದದ್ದು ಹೀಗೆಯೇ. ವಾರ್ಡಿನ ಸಿಸ್ಟರ್ ಒಬ್ಬರು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯುವುದನ್ನು ಕಲಿಸಿದ ಮೇಲೆ, ಒಂದು ವಾರದೊಳಗೆ ಬಾಟಲಿ ತಾನಾಗಿ ಬಿಟ್ಟುಹೋಯಿತು. ಎದೆ ತುಂಬಾ ಬಿಗಿದಿದ್ದರೆ ಕುಡಿಸುವ ಮೊದಲು ಸ್ವಲ್ಪ ಹಿಂಡಿ ತೆಗೆಯಿರಿ. ಇಲ್ಲವಾದರೆ ಮೊದಲ ರಭಸಕ್ಕೆ ಮಗು ಗಾಳಿಯನ್ನೂ ನುಂಗುತ್ತದೆ.

ನಿಮ್ಮ ಹೆಂಡತಿಗೆ ಹೇಳಿ, ತಂಗಿ ಹೆದರುವುದು ಬೇಡ. ಅವಳ ಊಟ, ನಿದ್ದೆಯ ಕಡೆ ಮನೆಯವರು ಗಮನ ಕೊಡಲಿ. ಬಾಣಂತಿಯ ಪಥ್ಯ ಬಿಗಿ ಮಾಡಿದರೆ ಮಗುವಿನ ವಾಂತಿ ನಿಲ್ಲುತ್ತದೆ ಎಂದು ನಮ್ಮಲ್ಲೂ ಹೇಳಿದ್ದರು. ಸಾರು ಅನ್ನ ಮಾತ್ರ ತಿಂದು ನಾನು ಸೊರಗಿದೆ, ವಾಂತಿ ಇದ್ದಷ್ಟೇ ಇತ್ತು.

ಮಗುವಿನ ತಂದೆ, ಅರಸೀಕೆರೆ

ಅಕ್ಕನವರ ಮಾತನ್ನು ಹೆಂಡತಿಗೆ ಓದಿ ಹೇಳಿದೆ, ಅವಳಿಗೆ ಸಮಾಧಾನವಾಯಿತು. ಇನ್ನೂ ಮೂರು ಸಂದೇಹಗಳಿವೆ. ನಮ್ಮೂರಿನ ಮೆಡಿಕಲ್ ಸ್ಟೋರ್‌ನವರು ವಾಂತಿಗೆಂದು ಡೊಂಪೆರಿಡೋನ್ ಡ್ರಾಪ್ಸ್ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ತಾಯಿಯವರು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸೋಣ ಎನ್ನುತ್ತಿದ್ದಾರೆ. ಬೋರಲು ಮಲಗಿಸಿದರೆ ವಾಂತಿ ಕಡಿಮೆ ಎಂದು ಪಕ್ಕದ ಮನೆಯವರೂ ಹೇಳಿದರು. ಯಾವುದನ್ನು ಮಾಡಬಹುದು?

ಮಕ್ಕಳ ವೈದ್ಯ, ಶಿವಮೊಗ್ಗ

ಮೂರನ್ನೂ ಮಾಡಬೇಡಿ. ಕಾರಣಗಳನ್ನು ಹೇಳುತ್ತೇನೆ.

ಡೊಂಪೆರಿಡೋನ್ ನಮ್ಮಲ್ಲಿ ಹನಿ ಔಷಧವಾಗಿ ಧಾರಾಳವಾಗಿ ಬಳಕೆಯಲ್ಲಿದೆ. ಆದರೆ ಇಷ್ಟು ಚಿಕ್ಕ ಮಕ್ಕಳ ವಾಂತಿಯಲ್ಲಿ ಅದರಿಂದ ಸ್ಪಷ್ಟವಾದ ಪ್ರಯೋಜನ ಸಾಬೀತಾಗಿಲ್ಲ, ಹೃದಯದ ಲಯವನ್ನು ಏರುಪೇರು ಮಾಡುವ ಗುಣವಂತೂ ಅದಕ್ಕಿದೆ. ಪೊಟ್ಯಾಸಿಯಂ ಕಡಿಮೆಯಾಗಿದ್ದ ಮಗುವಿನಲ್ಲಿ ಆ ಅಪಾಯ ಇನ್ನೂ ಹೆಚ್ಚು. ಪೈಲೋರಿಕ್ ಸ್ಟೆನೋಸಿಸ್‌ನಲ್ಲಿ ಪೊಟ್ಯಾಸಿಯಂ ಇಳಿಯುವುದೇ ವಾಡಿಕೆ ಎಂಬುದನ್ನು ಮರೆಯಬಾರದು. ಮೆಟೊಕ್ಲೋಪ್ರಮೈಡ್ ಕುತ್ತಿಗೆ, ಕಣ್ಣು ಸೆಟೆದುಕೊಳ್ಳುವಂತಹ ನರಸಂಬಂಧಿ ತೊಂದರೆಗಳನ್ನು ತರುವುದರಿಂದ, ಒಂದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ನಿರ್ಧರಿಸಿದರು. ಒಂಡಾನ್ಸೆಟ್ರಾನ್ ಕೂಡ ಇಲ್ಲಿ ವಾಡಿಕೆಯ ಔಷಧವಲ್ಲ. ಇಲ್ಲಿಯ ವಾಂತಿಗೆ ಕಾರಣ ಊತ ಮತ್ತು ಸುಸ್ತಾದ ಜಠರ. ಅವು ದಿನ ಕಳೆದಂತೆ ಇಳಿಯುತ್ತವೆ. ಔಷಧದ ಕೆಲಸ ಇಲ್ಲಿ ಅತ್ಯಲ್ಪ.

ಜಠರದ ಚಲನೆ ಹೆಚ್ಚಿಸುತ್ತದೆ ಎಂದು ಕೆಲವರು ಎರಿಥ್ರೋಮೈಸಿನ್ ಹೆಸರು ಹೇಳುವುದುಂಟು. ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಈ ಔಷಧ ಪಡೆದ ಮಕ್ಕಳಲ್ಲಿ ಪೈಲೋರಿಕ್ ಸ್ಟೆನೋಸಿಸ್ ಬರುವ ಸಂಭವವೇ ಹೆಚ್ಚು. ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ 1999ರಲ್ಲಿ ನಾಯಿಕೆಮ್ಮಿನ ಭಯದಿಂದ ಸುಮಾರು 200 ನವಜಾತ ಶಿಶುಗಳಿಗೆ ಮುನ್ನೆಚ್ಚರಿಕೆಯಾಗಿ ಇದನ್ನು ಕೊಟ್ಟ ನಂತರ 7 ಮಕ್ಕಳಿಗೆ ಈ ರೋಗ ಕಾಣಿಸಿಕೊಂಡಿತು. ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ಸಾವಿರ ಮಕ್ಕಳಲ್ಲಿ ಎರಡರಿಂದ ನಾಲ್ಕು ಮಕ್ಕಳಿಗಷ್ಟೇ ಬರುವ ರೋಗ ಇದು. ಆದ್ದರಿಂದ ಹಸುಗೂಸಿಗೆ ಯಾವ ಆಂಟಿಬಯೋಟಿಕ್ಕನ್ನೂ ಅಂಗಡಿಯವರ ಮಾತಿನ ಮೇಲೆ ಕೊಡಬೇಡಿ.

ಬಜೆ ಮತ್ತು ಜೇನಿನ ವಿಷಯದಲ್ಲಿ ಹಿರಿಯರ ಮನಸ್ಸು ನೋಯದಂತೆ ಹೇಳಬೇಕಾಗುತ್ತದೆ ಎಂಬುದು ನನಗೆ ಗೊತ್ತು. ಜೇನಿನಲ್ಲಿ ಬೊಟುಲಿಸಂ ಎಂಬ ಗಂಭೀರ ರೋಗದ ಬೀಜಾಣುಗಳು ಇರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಅದು ಸಲ್ಲದು. ತೇಯ್ದ ಮದ್ದಿನಲ್ಲಿ ಬೇರಿನ ಪ್ರಮಾಣ ಎಷ್ಟು, ಕಲ್ಲು ಎಷ್ಟು ಶುಚಿ ಎಂಬುದು ಯಾರಿಗೂ ತಿಳಿಯದು. ಹೊಸದಾಗಿ ಕತ್ತರಿಸಿದ ಜಠರದ ಮೇಲೆ ಆ ಪ್ರಯೋಗ ಬೇಡ. ಗ್ರೈಪ್ ವಾಟರ್ ಕೂಡ ಬೇಡ.

ಬೋರಲು ಮಲಗಿಸುವುದು ಇವೆಲ್ಲಕ್ಕಿಂತ ಅಪಾಯಕರ. ನಿದ್ದೆಯಲ್ಲಿ ಹಠಾತ್ತಾಗಿ ಸಂಭವಿಸುವ ಶಿಶುಮರಣಕ್ಕೂ ಬೋರಲು ನಿದ್ದೆಗೂ ಇರುವ ಸಂಬಂಧ ಗಟ್ಟಿಯಾಗಿ ಸಾಬೀತಾದದ್ದು. ವಾಂತಿ ಇರುವ ಮಗುವನ್ನೂ ಅಂಗಾತವಾಗಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ತಲೆದಿಂಬಿಲ್ಲದೆ ಮಲಗಿಸಬೇಕು. ಆರೋಗ್ಯವಂತ ಮಗು ಕಕ್ಕಿದಾಗ ತಾನೇ ಕತ್ತು ಹೊರಳಿಸಿ, ನುಂಗಿ ಅಥವಾ ಕೆಮ್ಮಿ ಉಸಿರಿನ ದಾರಿಯನ್ನು ಕಾಪಾಡಿಕೊಳ್ಳುತ್ತದೆ. ನೆಟ್ಟಗೆ ಎತ್ತಿಕೊಳ್ಳುವುದು ಎಚ್ಚರದಲ್ಲಿರುವಾಗ ಮಾಡುವ ಕೆಲಸ.

ಓದುಗ, ದಾವಣಗೆರೆ

ನನ್ನದೊಂದು ಸಣ್ಣ ಪ್ರಶ್ನೆ. ದೊಡ್ಡ ಊರುಗಳಲ್ಲಿ ಇದನ್ನು ಲ್ಯಾಪರೋಸ್ಕೋಪಿ ಮೂಲಕ ಮಾಡುತ್ತಾರಲ್ಲ, ಹಾಗೆ ಮಾಡಿಸಿದ್ದರೆ ವಾಂತಿ ಕಡಿಮೆಯಾಗುತ್ತಿತ್ತೇ? ರೋಗ ತಿಳಿದ ಮೇಲೂ ಎರಡು ದಿನ ಕಾಯಿಸಿದ್ದು ಏಕೆ ಎಂಬುದೂ ನನಗೆ ಅರ್ಥವಾಗಲಿಲ್ಲ.

ಮಕ್ಕಳ ಶಸ್ತ್ರವೈದ್ಯೆ, ಹುಬ್ಬಳ್ಳಿ

ಮೊದಲ ಪ್ರಶ್ನೆಗೆ ಒಳ್ಳೆಯ ಪುರಾವೆ ಇದೆ. ಹಲವು ಆಸ್ಪತ್ರೆಗಳು ಸೇರಿ 180 ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೂರ್ಣ ಪ್ರಮಾಣದ ಹಾಲಿಗೆ ಬರಲು ಲ್ಯಾಪರೋಸ್ಕೋಪಿಯಲ್ಲಿ ಸುಮಾರು 18.5 ಗಂಟೆ, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸುಮಾರು 24 ಗಂಟೆ ಬೇಕಾಯಿತು. ವಾಂತಿಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲವು ಗಂಟೆಗಳ ಈ ಲಾಭಕ್ಕಾಗಿ, ಅನುಭವವಿರುವ ಹತ್ತಿರದ ಶಸ್ತ್ರವೈದ್ಯರನ್ನು ಬಿಟ್ಟು ದೂರದ ಊರಿಗೆ ಬಳಲಿದ ಮಗುವನ್ನು ಒಯ್ಯುವುದು ನನಗೆ ಸರಿ ಕಾಣದು. ಎರಡನೆಯ ಪ್ರಶ್ನೆಗೆ ಅರಿವಳಿಕೆ ವೈದ್ಯರು ಯಾರಾದರೂ ಉತ್ತರಿಸಿದರೆ ಚೆನ್ನ.

ಅರಿವಳಿಕೆ ತಜ್ಞ, ಮಂಗಳೂರು

ಎರಡು ದಿನ ಕಾಯಿಸಿದ್ದು ನಿಧಾನವಲ್ಲ, ಅದು ಚಿಕಿತ್ಸೆಯ ಮೊದಲ ಭಾಗ. ಪಿತ್ತ ಸೇರದ ವಾಂತಿಯಲ್ಲಿ ಮಗು ಜಠರದ ಆಮ್ಲವನ್ನು, ಅಂದರೆ ಕ್ಲೋರೈಡ್ ಅಂಶವನ್ನು, ನೀರಿನೊಡನೆ ಕಳೆದುಕೊಳ್ಳುತ್ತದೆ. ರಕ್ತ ಕ್ಷಾರೀಯವಾಗುತ್ತದೆ, ಮೂತ್ರಪಿಂಡಗಳು ಸೋಡಿಯಂ ಉಳಿಸಿಕೊಳ್ಳಲು ಹೋಗಿ ಪೊಟ್ಯಾಸಿಯಂ ಚೆಲ್ಲುತ್ತವೆ. ಮೆದುಳಿಗೆ ಉಸಿರಾಡಿಸುವ ಪ್ರೇರಣೆ ಕೊಡುವುದರಲ್ಲಿ ರಕ್ತದ ಆಮ್ಲೀಯತೆಯ ಪಾತ್ರ ದೊಡ್ಡದಾದ್ದರಿಂದ, ಕ್ಷಾರೀಯ ರಕ್ತವಿರುವ ಮಗುವಿಗೆ ಅರಿವಳಿಕೆ ಕೊಟ್ಟರೆ ಆಮೇಲೆ ಉಸಿರು ನಿಂತು ನಿಂತು ಬರುವ ಅಪಾಯವಿದೆ. ಹಾಗಾಗಿ ಲವಣಯುಕ್ತ ಗ್ಲೂಕೋಸ್ ಡ್ರಿಪ್ ಹಾಕಿ, ಮೂತ್ರ ಬರತೊಡಗಿದ ಮೇಲೆ ಪೊಟ್ಯಾಸಿಯಂ ಸೇರಿಸಿ, ಕ್ಲೋರೈಡ್ 100ರ ಆಸುಪಾಸಿಗೆ ಏರಿ ಬೈಕಾರ್ಬೊನೇಟ್ 30ಕ್ಕಿಂತ ಕೆಳಗೆ ಇಳಿದ ಮೇಲಷ್ಟೇ ಮಗುವನ್ನು ಮೇಜಿನ ಮೇಲೆ ತೆಗೆದುಕೊಳ್ಳುತ್ತೇವೆ. ಅವಸರ ಮಾಡುವ ಶಸ್ತ್ರಚಿಕಿತ್ಸೆ ಇದಲ್ಲ.

ವಾಂತಿ ಕಡಿಮೆ ಮಾಡುವ ಕೆಲಸದಲ್ಲಿ ನಮಗೂ ಪಾಲಿದೆ. ಅರಿವಳಿಕೆಗೆ ಮುನ್ನ ಅಗಲವಾದ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ, ಮಗುವನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಾ ಜಠರದಲ್ಲಿ ಕೊಳೆತ ಹಳೆಯ ಹಾಲನ್ನೆಲ್ಲ ಹೀರಿ ತೆಗೆಯುತ್ತೇವೆ. ನೋವಿಗೆ ಗಾಯದಂಚಿನಲ್ಲಿ ಮರಗಟ್ಟಿಸುವ ಔಷಧ, ಆಮೇಲೆ ಪ್ಯಾರಾಸಿಟಮಾಲ್; ಇಷ್ಟರಲ್ಲೇ ಮುಗಿಸಲು ನೋಡುತ್ತೇವೆ. ಮಾರ್ಫಿನ್ ಜಾತಿಯ ಔಷಧಗಳು ಉಸಿರನ್ನೂ ಕುಗ್ಗಿಸುತ್ತವೆ, ವಾಂತಿಯನ್ನೂ ತರಿಸುತ್ತವೆ.

ತಾಯಿ, ಕುಂದಾಪುರ

ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ಮಗುವಿಗೆ ಹತ್ತು ದಿನವಾದರೂ ವಾಂತಿ ನಿಂತಿರಲಿಲ್ಲ, ಕೊನೆಗೆ ಮತ್ತೆ ಆಪರೇಷನ್ ಮಾಡಿದರು. ಯಾವ ಹಂತದಲ್ಲಿ ಎಚ್ಚರಾಗಬೇಕು ಎಂಬುದನ್ನು ಮೇಡಂ ಸ್ಪಷ್ಟವಾಗಿ ಬರೆದರೆ ಇದನ್ನು ಓದುವ ಬೇರೆ ತಂದೆತಾಯಿಯರಿಗೂ ಉಪಯೋಗವಾಗುತ್ತದೆ.

ಮಕ್ಕಳ ಶಸ್ತ್ರವೈದ್ಯೆ, ಹುಬ್ಬಳ್ಳಿ

ಖಂಡಿತ. ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಇವು. ವಾಂತಿ ಹಸಿರು ಬಣ್ಣಕ್ಕೆ ತಿರುಗಿದರೆ, ಒಂದೇ ಸಲವಾದರೂ ಸರಿ, ಅದು ಕರುಳಿನ ಅಡಚಣೆಯ ಸೂಚನೆ ಆಗಿರಬಹುದು. ಹೊಟ್ಟೆ ಉಬ್ಬಿ ಬಿಗಿದು, ಜ್ವರ ಬಂದು, ಮುಟ್ಟಿದರೆ ಮಗು ಚೀರುತ್ತಿದ್ದರೆ ಒಳಪೊರೆಯಲ್ಲಿ ಕಣ್ಣಿಗೆ ಬೀಳದ ತೂತು ಉಳಿದಿರುವ ಶಂಕೆ ಬರುತ್ತದೆ. ಇದು ಸಾಮಾನ್ಯವಾಗಿ ಮೊದಲ ಒಂದೆರಡು ದಿನಗಳಲ್ಲೇ ತೋರುತ್ತದೆ. ಮಗು ಮಂಕಾಗಿ ಹಾಲಿಗೆ ಏಳದಿದ್ದರೆ, ನೆತ್ತಿ ತಗ್ಗಿದರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ ನೀರಿನಂಶ ಇಳಿದಿದೆ ಎಂದು ತಿಳಿಯಿರಿ. ವಾಂತಿಯಲ್ಲಿ ಕಾಫಿ ಚರಟದಂತಹ ಕಂದು ಚುಕ್ಕೆಗಳು ಒಂದೆರಡು ಸಲ ಕಂಡರೆ ಅದು ಕೆರಳಿದ ಜಠರದ್ದಾಗಿರಬಹುದು, ಆದರೂ ಫೋನ್ ಮಾಡಿ ಕೇಳಿ. ಕೆಂಪು ರಕ್ತ ಬಂದರೆ ಕೇಳುತ್ತಾ ಕೂರಬೇಡಿ, ಹೊರಡಿ. ಗಾಯ ಕೆಂಪಾಗಿ ಕೀವು ಬಂದರೂ ಅಂದೇ ತೋರಿಸಿ.

ಇನ್ನು ಎರಡನೆಯ ಶಸ್ತ್ರಚಿಕಿತ್ಸೆಯ ವಿಷಯ. ಸ್ನಾಯುವಿನ ಒಂದು ತುದಿ ಸೀಳದೆ ಉಳಿದುಬಿಡುವುದು ನೂರಕ್ಕೆ ಒಂದೆರಡು ಮಕ್ಕಳಲ್ಲಿ ಆಗಬಹುದು. ಅಂತಹ ಮಗುವಿನಲ್ಲಿ ವಾಂತಿ ಇಳಿಮುಖವಾಗುವುದಿಲ್ಲ. ಹಳೆಯ ರಭಸವೇ ಮರಳಿ, ಪ್ರತಿ ಸಲವೂ ಹೆಚ್ಚುಕಡಿಮೆ ಕುಡಿದದ್ದೆಲ್ಲ ಬರುತ್ತದೆ, ಒಂದು ವಾರ ಕಳೆದರೂ ತೂಕ ಮೇಲೇರುವುದಿಲ್ಲ. ಆಗಲೂ ನಾವು ತಕ್ಷಣ ಮತ್ತೆ ಹೊಟ್ಟೆ ತೆರೆಯುವುದಿಲ್ಲ, ಏಕೆಂದರೆ ಪರೀಕ್ಷೆಗಳೇ ಆ ದಿನಗಳಲ್ಲಿ ದಾರಿ ತಪ್ಪಿಸುತ್ತವೆ. ಸರಿಯಾಗಿ ಸೀಳಿದ ಸ್ನಾಯುವೂ ಸ್ಕ್ಯಾನಿಂಗ್‌ನಲ್ಲಿ ವಾರಗಟ್ಟಲೆ ದಪ್ಪವಾಗಿಯೇ ಕಾಣುತ್ತದೆ, ಸಹಜಕ್ಕೆ ಬರಲು ತಿಂಗಳಿಗೂ ಮೇಲಾಗಬಹುದು. ಬಣ್ಣದ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಜಠರ ಖಾಲಿಯಾಗುತ್ತಿದೆಯೇ ಇಲ್ಲವೇ ಎಂಬುದಕ್ಕೆ ಬೆಲೆ ಕೊಡುತ್ತೇವೆ, ದ್ವಾರದ ಆಕಾರಕ್ಕಲ್ಲ. ಆದ್ದರಿಂದ ಹೆದರಿಕೆಯಿಂದ ನೀವಾಗಿ ಸ್ಕ್ಯಾನಿಂಗ್ ಮಾಡಿಸಿ, ‘ಸ್ನಾಯು ಇನ್ನೂ ದಪ್ಪ ಇದೆ’ ಎಂಬ ವರದಿ ಹಿಡಿದು ಕಂಗಾಲಾಗಬೇಡಿ.

ಅರಸೀಕೆರೆಯ ತಂದೆಯವರೇ, ನೀವು ಬರೆದ ವಿವರಗಳಲ್ಲಿ ಈ ಯಾವ ಲಕ್ಷಣವೂ ನನಗೆ ಕಾಣುತ್ತಿಲ್ಲ. ವಾಂತಿ ಬಿಳಿ, ಪ್ರಮಾಣ ಅಲ್ಪ, ಮೂತ್ರ ಸಾಕಷ್ಟು. ತಿಳಿಯದೆ ಉಳಿದಿರುವುದು ತೂಕ ಒಂದೇ. ಚೇತರಿಸಿಕೊಳ್ಳುತ್ತಿರುವ ಮಗು ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ. ನಾಳೆ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ತೂಗಿಸಿ. ಎರಡು ಸಲವೂ ಒಂದೇ ತಕ್ಕಡಿ ಇರಲಿ, ಬಟ್ಟೆ ಮತ್ತು ಡೈಪರ್ ತೆಗೆದು, ಹಾಲು ಕುಡಿಸುವ ಮುಂಚೆ ತೂಗಿಸಿ, ಅಂಕಿಗಳನ್ನು ಡಿಸ್ಚಾರ್ಜ್ ಚೀಟಿಯ ಹಿಂದೆಯೇ ಬರೆದಿಟ್ಟುಕೊಂಡು ಮರುಭೇಟಿಗೆ ಹೋಗುವಾಗ ನಿಮ್ಮ ಶಸ್ತ್ರವೈದ್ಯರಿಗೆ ತೋರಿಸಿ.